ಬ್ಯಾಕಪ್ ನೆಲದಡಿ, ಲಾಗ್ ಕೋರ್ಟಿನಲ್ಲಿ: ಸೈಂಟಾಲಜಿಯ ಚರಿತ್ರೆ ಯಾರ ಕೈಯಲ್ಲಿದೆ?

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ಟ್ರೆಮೆಂಟಿನಾ ಅಂತ ಒಂದು ಪುಟ್ಟ ಊರಿದೆ. ಅದರ ಹತ್ತಿರದ ಬಯಲಲ್ಲಿ ನೆಲದ ಮೇಲೆ ಭಾರೀ ಗಾತ್ರದ ಒಂದು ಗುರುತು ಮೂಡಿಸಿದ್ದಾರೆ. ಒಂದಕ್ಕೊಂದು ಹೆಣೆದುಕೊಂಡ ಎರಡು ವೃತ್ತ, ಎರಡರ ಒಳಗೂ ವಜ್ರದ ಆಕಾರ. ಅದು ಸರಿಯಾಗಿ ಕಾಣಬೇಕಾದರೆ ಆಕಾಶದಿಂದಲೇ ನೋಡಬೇಕು. ಅಲ್ಲಿನ ಗುಡ್ಡದ ಒಡಲಲ್ಲಿ ಒಂದು ಭದ್ರಕೋಣೆ ಇದೆ. ಸೈಂಟಾಲಜಿ ಪಂಥದ ಸ್ಥಾಪಕ ಎಲ್. ರಾನ್ ಹಬ್ಬರ್ಡ್ ಬರೆದದ್ದು, ಮಾತಾಡಿದ್ದು ಎಲ್ಲವನ್ನೂ ಅಲ್ಲಿ ಕಾಪಿಡಲಾಗಿದೆ. ಬರಹಗಳನ್ನು ಸ್ಟೇನ್‌ಲೆಸ್ ಸ್ಟೀಲ್ ಫಲಕಗಳ ಮೇಲೆ ಕೊರೆದು, ಟೈಟಾನಿಯಂ ಡಬ್ಬಿಗಳಲ್ಲಿಟ್ಟು, ಆರ್ಗಾನ್ ಅನಿಲ ತುಂಬಿ ಮುಚ್ಚಿದ್ದಾರೆ. ಈ ಕೆಲಸಕ್ಕೆಂದೇ 'ಚರ್ಚ್ ಆಫ್ ಸ್ಪಿರಿಚುವಲ್ ಟೆಕ್ನಾಲಜಿ' ಎಂಬ ಪ್ರತ್ಯೇಕ ಸಂಸ್ಥೆ 1982ರಿಂದ ಇದೆ.

ಇಂಜಿನಿಯರಿಂಗ್ ಓದಿದ ನನಗೆ ಇದನ್ನು ಮೊದಲು ತಿಳಿದಾಗ ನಿಜಕ್ಕೂ ಮೆಚ್ಚುಗೆ ಆಯ್ತು. ಆರ್ಗಾನ್ ಯಾವುದರ ಜೊತೆಗೂ ಸುಲಭಕ್ಕೆ ಬೆರೆಯಲ್ಲ, ಅಂದರೆ ತುಕ್ಕಿನ ಚಿಂತೆ ಇಲ್ಲ. ಕಾಗದದಂತೆ ಗೆದ್ದಲು ಹಿಡಿಯಲ್ಲ, ಹಾರ್ಡ್ ಡಿಸ್ಕಿನಂತೆ ಹತ್ತು ವರ್ಷಕ್ಕೆ ಕೈಕೊಡಲ್ಲ. ಯುದ್ಧವೇ ಆದರೂ ಈ ಮಾತುಗಳು ಉಳಿಯಬೇಕು ಅನ್ನೋದು ಲೆಕ್ಕಾಚಾರ.

ಆಮೇಲೆ ನನ್ನ ಹಳೆ ನೌಕರಿ ನೆನಪಾಯಿತು. ಪತ್ರಿಕೋದ್ಯಮಕ್ಕೆ ಬರೋ ಮುಂಚೆ ಎರಡು ವರ್ಷ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದೆ. ಒಂದು ರಾತ್ರಿ ಸಿಸ್ಟಂ ಬಿದ್ದುಹೋಯ್ತು. ಬ್ಯಾಕಪ್ ಇತ್ತು, ಬೆಳಗಾಗೋದರೊಳಗೆ ಎಲ್ಲ ವಾಪಸ್ ಬಂತು. ಆದರೆ ಬಿದ್ದದ್ದು ಯಾಕೆ, ಯಾರು ಏನು ಬದಲಾಯಿಸಿದ್ರು ಅಂತ ಹುಡುಕಲು ಹೋದರೆ ಲಾಗ್ ಫೈಲೇ ಮಾಯ. ಅವತ್ತು ನಮ್ಮ ಸೀನಿಯರ್ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: "ಬ್ಯಾಕಪ್ ನಿನ್ನ ಕೆಲಸ ಉಳಿಸುತ್ತೆ ಕಣೋ, ಲಾಗ್ ನಿಜ ಉಳಿಸುತ್ತೆ."

ಟ್ರೆಮೆಂಟಿನಾದಲ್ಲಿರೋದು ಬ್ಯಾಕಪ್. ಸೈಂಟಾಲಜಿಯ ಲಾಗ್ ಬೇರೆಲ್ಲೋ ಇದೆ. ಆ ಲಾಗನ್ನು ಉಳಿಸಿದವರು ಯಾರು, ಅಳಿಸಲು ಹೊರಟವರು ಯಾರು ಅನ್ನೋದು ಯಾವುದೇ ಪಂಥ, ಪಕ್ಷ, ಸರ್ಕಾರದ ದಾಖಲೆಗಳ ಬಗ್ಗೆ ತಲೆ ಕೆಡಿಸಿಕೊಳ್ಳುವ ಎಲ್ಲರಿಗೂ ಸಂಬಂಧಿಸಿದ ವಿಚಾರ.

ಏನಿದು ಸೈಂಟಾಲಜಿ?

ಹಬ್ಬರ್ಡ್ (1911–1986) ಮೂಲತಃ ಅಗ್ಗದ ಜನಪ್ರಿಯ ನಿಯತಕಾಲಿಕೆಗಳಿಗೆ ಸಾಹಸ ಕತೆ, ವೈಜ್ಞಾನಿಕ ಕತೆ ಬರೀತಿದ್ದ ಲೇಖಕ. 1950ರಲ್ಲಿ ಆತನ 'ಡಯನೆಟಿಕ್ಸ್' ಪುಸ್ತಕ ಬಂತು, ಭರ್ಜರಿಯಾಗಿ ಮಾರಾಟವೂ ಆಯ್ತು. ಹಳೆಯ ನೋವಿನ ಅನುಭವಗಳು ಮನಸ್ಸಿನಲ್ಲಿ 'ಎನ್‌ಗ್ರಾಮ್'ಗಳಾಗಿ ಕೂತಿರುತ್ತವೆ, ಪ್ರಶ್ನೋತ್ತರದ ಮೂಲಕ ಅವನ್ನು ತೆಗೆದುಹಾಕಬಹುದು ಅನ್ನೋದು ಅದರ ತಿರುಳು. ಕೆಲವೇ ವರ್ಷಗಳಲ್ಲಿ ಅದೇ ವಿಚಾರ ಆತ್ಮ, ಪೂರ್ವಜನ್ಮ ಎಲ್ಲ ಸೇರಿ ಸೈಂಟಾಲಜಿ ಎಂಬ ಧರ್ಮವಾಯಿತು.

ಪ್ರಶ್ನೋತ್ತರಕ್ಕೆ 'ಆಡಿಟಿಂಗ್' ಅಂತ ಹೆಸರು. ಆಗ ಕೈಯಲ್ಲಿ ಎರಡು ಲೋಹದ ಡಬ್ಬಿ ಹಿಡಿದುಕೊಳ್ಳಬೇಕು, ಎದುರಿಗೆ 'ಇ-ಮೀಟರ್' ಅನ್ನೋ ಯಂತ್ರ ಇರುತ್ತೆ. ಇಂಜಿನಿಯರಿಂಗ್ ಗೆಳೆಯರು ಗಮನಿಸಿ, ಅದರ ಮೂಲ ಸರ್ಕ್ಯೂಟ್ ನಾವು ಲ್ಯಾಬಿನಲ್ಲಿ ಮಾಡ್ತಿದ್ದ ವೀಟ್‌ಸ್ಟೋನ್ ಬ್ರಿಡ್ಜ್. ಚರ್ಮದ ವಿದ್ಯುತ್ ರೋಧ ಬದಲಾದಂತೆ ಮುಳ್ಳು ಅಲುಗಾಡುತ್ತೆ. 1963ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಈ ಯಂತ್ರಗಳನ್ನು ಜಪ್ತಿ ಮಾಡಿತ್ತು. ಕೊನೆಗೆ, ಇದರಿಂದ ರೋಗ ವಾಸಿಯಾಗುವುದಿಲ್ಲ, ಇದು ಧಾರ್ಮಿಕ ಬಳಕೆಗೆ ಮಾತ್ರ ಎಂಬ ಎಚ್ಚರಿಕೆಯೊಂದಿಗೆ ಬಳಸಲು ಕೋರ್ಟ್ ಬಿಟ್ಟಿತು.

ಆಡಿಟಿಂಗ್ ಮೆಟ್ಟಿಲು ಮೆಟ್ಟಿಲಾಗಿ ಇರುತ್ತೆ. ಪ್ರತಿ ಮೆಟ್ಟಿಲಿಗೂ ದುಡ್ಡು ಕಟ್ಟಬೇಕು. ಮೇಲಿನ ಹಂತಗಳ ಬೋಧನೆ ಗುಟ್ಟು, ಅಲ್ಲಿಗೆ ತಲುಪಿದವರಿಗೆ ಮಾತ್ರ ಓದಲು ಸಿಗುತ್ತೆ.

ಚೂರು ಮಾಡಲು ಹೊರಟ ಪೆಟ್ಟಿಗೆಯಿಂದ ಸಿಕ್ಕಿದ್ದು

ಲಾಗಿನ ಕತೆ ಶುರುವಾಗೋದು ಒಂದು ಭಯದಿಂದ. 1980ರ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಸೈಂಟಾಲಜಿ ನೆಲೆಯೊಂದರಲ್ಲಿ ಎಫ್‌ಬಿಐ ದಾಳಿ ಆಗಬಹುದೆಂದು ಕಾಗದಪತ್ರಗಳನ್ನು ಚೂರು ಮಾಡುವ ಕೆಲಸ ನಡೀತಿತ್ತು. ಆಗ ಜೆರ್ರಿ ಆರ್ಮ್‌ಸ್ಟ್ರಾಂಗ್ ಎಂಬ ಸಿಬ್ಬಂದಿಯ ಕಣ್ಣಿಗೆ ಹಬ್ಬರ್ಡ್‌ನ ಹಳೆಯ ಖಾಸಗಿ ಕಾಗದಗಳ ಪೆಟ್ಟಿಗೆಗಳು ಬಿದ್ದವು. ಆರ್ಮ್‌ಸ್ಟ್ರಾಂಗ್ ಆಗ ಅಪ್ಪಟ ಭಕ್ತ. ಇವನ್ನು ನಾಶ ಮಾಡೋದು ಬೇಡ, ಗುರುವಿನ ಜೀವನಚರಿತ್ರೆಗೆ ಬಳಸೋಣ ಅಂತ ಅನುಮತಿ ಕೇಳಿದ. ಒಪ್ಪಿಗೆಯೂ ಸಿಕ್ಕಿತು. ಆತನೇ ಆ ಸಂಗ್ರಹದ ಉಸ್ತುವಾರಿಯಾದ.

ಓದ್ತಾ ಓದ್ತಾ ಆತನಿಗೆ ಇಕ್ಕಟ್ಟಾಯಿತು. ಚರ್ಚ್ ಪ್ರಕಟಿಸಿದ್ದ ಹಬ್ಬರ್ಡ್‌ನ ಬದುಕಿಗೂ ಆತನದೇ ಕಾಗದಗಳಲ್ಲಿದ್ದ ಬದುಕಿಗೂ ತಾಳೆ ಆಗ್ತಿರಲಿಲ್ಲ. ಸರಿಪಡಿಸೋಣ ಅಂತ ಮೇಲಿನವರಿಗೆ ಹೇಳಿ ನೋಡಿದ. ಆಗಲಿಲ್ಲ. 1981ರ ಕೊನೆಗೆ ಚರ್ಚ್ ತೊರೆದ. ದಾಖಲೆಗಳ ಪ್ರತಿಗಳು ವಕೀಲರ ಕೈ ಸೇರಿದಾಗ ಚರ್ಚ್ ಮೊಕದ್ದಮೆ ಹೂಡಿತು. 1984ರಲ್ಲಿ ಲಾಸ್ ಏಂಜಲೀಸ್‌ನ ನ್ಯಾಯಾಧೀಶ ಪಾಲ್ ಬ್ರೆಕನ್‌ರಿಜ್ ಆರ್ಮ್‌ಸ್ಟ್ರಾಂಗ್ ಪರ ತೀರ್ಪು ಕೊಟ್ಟರು. ತನ್ನ ಹಿನ್ನೆಲೆ, ಸಾಧನೆಗಳ ವಿಚಾರದಲ್ಲಿ ಹಬ್ಬರ್ಡ್‌ಗೆ ಸುಳ್ಳು ಹೇಳೋದು ಹೆಚ್ಚುಕಡಿಮೆ ಕಾಯಿಲೆಯಂತಾಗಿತ್ತು ಎಂಬರ್ಥದ ಕಟು ಮಾತು ಆ ತೀರ್ಪಿನಲ್ಲಿದೆ. 1986ರ ಕೊನೆಯಲ್ಲಿ ರಾಜಿಯಾಗಿ ಮೂಲ ಕಾಗದಗಳು ಚರ್ಚಿಗೆ ಮರಳಿದವು. ಆದರೆ ತೀರ್ಪು, ಸಾಕ್ಷ್ಯಗಳ ಹೇಳಿಕೆ ಎಲ್ಲ ಅಷ್ಟರಲ್ಲೇ ಸಾರ್ವಜನಿಕ ಕಡತ ಸೇರಿಯಾಗಿತ್ತು.

ನನ್ನನ್ನು ಇಲ್ಲಿ ಕಾಡೋದು ಆರ್ಮ್‌ಸ್ಟ್ರಾಂಗ್‌ನ ಉದ್ದೇಶ. ಆತ ಹೊರಗಿನಿಂದ ನುಗ್ಗಿದ ಶತ್ರು ಆಗಿರಲಿಲ್ಲ. ಗುರು ದೊಡ್ಡವನು ಅಂತ ಸಾಬೀತು ಮಾಡಲೆಂದೇ ಪೆಟ್ಟಿಗೆ ತೆರೆದವನು.

ಬೇರೆಯವರ ಕಪಾಟಿಗೆ ಕೈ

ಅದಕ್ಕೂ ಮುಂಚೆ, 1970ರ ದಶಕದಲ್ಲಿ ಇನ್ನೊಂದು ಪ್ರಕರಣ ನಡೆದಿತ್ತು. ಚರ್ಚಿನ 'ಗಾರ್ಡಿಯನ್ಸ್ ಆಫೀಸ್' ವಿಭಾಗ 'ಆಪರೇಷನ್ ಸ್ನೋ ವೈಟ್' ಅಂತ ಹೆಸರಿಟ್ಟು, ಸರ್ಕಾರಿ ಕಡತಗಳಲ್ಲಿ ತಮ್ಮ ಬಗ್ಗೆ ಇರೋ ಪ್ರತಿಕೂಲ ದಾಖಲೆಗಳ ಬೆನ್ನು ಹತ್ತಿತು. ತಮ್ಮವನನ್ನೇ ತೆರಿಗೆ ಇಲಾಖೆಗೆ ಕ್ಲರ್ಕ್ ಕಂ ಟೈಪಿಸ್ಟ್ ಆಗಿ ಸೇರಿಸಿದರು. ರಾತ್ರಿ ಹೊತ್ತು ಕಚೇರಿಗಳಿಗೆ ನುಗ್ಗಿ ಸರ್ಕಾರದ್ದೇ ಜೆರಾಕ್ಸ್ ಯಂತ್ರದಲ್ಲಿ ರಾಶಿರಾಶಿ ಕಾಗದ ನಕಲು ಮಾಡಿಕೊಂಡರು.

ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? 1976ರಲ್ಲಿ ವಾಷಿಂಗ್ಟನ್ನಿನ ಕೋರ್ಟ್ ಕಟ್ಟಡದ ಲೈಬ್ರರಿಯಲ್ಲಿ ರಾತ್ರಿ ಪಾಳಿಯಲ್ಲಿದ್ದ ಲೈಬ್ರರಿಯನ್‌ಗೆ ಅನುಮಾನ ಬಂತು. ಅನುಮತಿ ಇಲ್ಲದೆ ಮತ್ತೆ ಬರಬೇಡಿ ಅಂದಿದ್ದರೂ ಅವರು ಬಂದರು. ಆತ ಎಫ್‌ಬಿಐಗೆ ಫೋನ್ ಮಾಡಿದ. ಅಲ್ಲಿಂದ ಎಳೆ ಬಿಚ್ಚುತ್ತಾ ಹೋಗಿ, 1977ರ ಜುಲೈ 8ರಂದು ಲಾಸ್ ಏಂಜಲೀಸ್ ಮತ್ತು ವಾಷಿಂಗ್ಟನ್ನಿನಲ್ಲಿ ಏಕಕಾಲಕ್ಕೆ ದಾಳಿ ಆಯಿತು. ಹಬ್ಬರ್ಡ್‌ನ ಪತ್ನಿ ಮೇರಿ ಸೂ ಸೇರಿ 11 ಮಂದಿಗೆ ಶಿಕ್ಷೆಯಾಯಿತು. ಅದು ಹಾದಿ ತಪ್ಪಿದ ಒಂದು ವಿಭಾಗದ ಕೆಲಸ, ಆ ವಿಭಾಗವನ್ನೇ ಮುಚ್ಚಿದ್ದೇವೆ ಅನ್ನೋದು ಚರ್ಚಿನ ಸಮಜಾಯಿಷಿ.

1990ರ ದಶಕದಲ್ಲಿ ತಂತ್ರ ಬದಲಾಯಿತು. ಮಾನಹಾನಿ ಮೊಕದ್ದಮೆಯೊಂದರಲ್ಲಿ ಸ್ಟೀವನ್ ಫಿಶ್‌ಮನ್ ಎಂಬ ಮಾಜಿ ಸದಸ್ಯ, ಆ ಮೇಲಿನ ಹಂತಗಳ ಗುಟ್ಟಿನ ಬೋಧನೆಗಳನ್ನೇ ತನ್ನ ಪ್ರಮಾಣಪತ್ರದ ಜೊತೆ ಲಗತ್ತಿಸಿಬಿಟ್ಟ. 7.5 ಕೋಟಿ ವರ್ಷಗಳ ಹಿಂದೆ ಜೀನು ಎಂಬ ಗೆಲಾಕ್ಸಿಯ ದೊರೆ ಕೋಟ್ಯಂತರ ಜೀವಿಗಳನ್ನು ಭೂಮಿಗೆ ತಂದು ಕೊಂದ ಕತೆ ಅದರಲ್ಲಿತ್ತು. ಕೋರ್ಟ್ ಕಡತ ಸಾರ್ವಜನಿಕ, ಯಾರು ಬೇಕಾದರೂ ಕೇಳಿ ಓದಬಹುದು. ಹಾಗಾಗಿ ಚರ್ಚಿನ ಸದಸ್ಯರು ದಿನವೂ ಹೋಗಿ ಆ ಕಡತವನ್ನು ತಮ್ಮ ಹೆಸರಿಗೆ ಬರೆಸಿಕೊಂಡು, ಬೇರೆಯವರಿಗೆ ಸಿಗದಂತೆ ದಿನವಿಡೀ ಇಟ್ಟುಕೊಂಡು ಕೂರುತ್ತಿದ್ದರು! 1995ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಕೋರ್ಟಿನ ಗುಮಾಸ್ತರ ಮೂಲಕ ಪ್ರತಿ ಪಡೆಯಿತು. ಚರ್ಚಿನ ಅಂಗಸಂಸ್ಥೆ ಪತ್ರಿಕೆಯ ಮೇಲೂ ಕೇಸ್ ಹಾಕಿ ಸೋತಿತು. 2002ರಲ್ಲಿ ಚರ್ಚ್ ಕಾಪಿರೈಟ್ ಹೆಸರಲ್ಲಿ ದೂರು ಕೊಟ್ಟಾಗ ಗೂಗಲ್ ತನ್ನ ಹುಡುಕಾಟದಿಂದ ವಿಮರ್ಶಕರ ಪುಟಗಳನ್ನು ತೆಗೆಯಿತು. 2009ರಲ್ಲಿ ವಿಕಿಪೀಡಿಯಾ, ಚರ್ಚಿನ ಕಂಪ್ಯೂಟರ್‌ಗಳಿಂದ ಯಾರೂ ತಿದ್ದುಪಡಿ ಮಾಡದಂತೆ ನಿರ್ಬಂಧ ಹೇರಿತು.

ಪದಕ ಎಷ್ಟು?

ಲಾಗ್ ಇದ್ದರೆ ಏನಾಗುತ್ತೆ ಅನ್ನೋದಕ್ಕೆ ಒಂದು ಉದಾಹರಣೆ ಸಾಕು. ಎರಡನೇ ಮಹಾಯುದ್ಧದಲ್ಲಿ ಹಬ್ಬರ್ಡ್ ಅಮೆರಿಕದ ನೌಕಾಪಡೆಯಲ್ಲಿದ್ದ. ಆತನಿಗೆ 21 ಪದಕ ಸಿಕ್ಕಿದ್ದವು ಅಂತ ಚರ್ಚ್ ಹೇಳುತ್ತೆ. ಗಾಯಗೊಂಡ ಆತ ತನ್ನದೇ ವಿಧಾನದಿಂದ ಗುಣವಾದ ಎಂಬ ಕತೆ ಇಡೀ ಬೋಧನೆಗೆ ಒಂದು ಆಧಾರ. ಲಾರೆನ್ಸ್ ರೈಟ್ ಎಂಬ ಪತ್ರಕರ್ತ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಸೇಂಟ್ ಲೂಯಿಸ್‌ನ ಸೇನಾ ದಾಖಲೆ ಕೇಂದ್ರದಿಂದ ಕಡತ ತರಿಸಿ 2011ರಲ್ಲಿ 'ನ್ಯೂಯಾರ್ಕರ್'ನಲ್ಲಿ ಬರೆದರು. ಸರ್ಕಾರಿ ದಾಖಲೆಯಲ್ಲಿದ್ದದ್ದು 4 ಪದಕ. ಚರ್ಚ್ ಕೊಟ್ಟ ಪತ್ರಕ್ಕೆ ಸಹಿ ಹಾಕಿದ್ದ ಅಧಿಕಾರಿಯ ಹೆಸರು ನೌಕಾಪಡೆಯ ದಾಖಲೆಗಳಲ್ಲೇ ಪತ್ತೆಯಾಗಲಿಲ್ಲ. ಸರ್ಕಾರಿ ದಾಖಲೆಯೇ ಪೂರ್ತಿ ಇಲ್ಲ ಅನ್ನೋದು ಚರ್ಚಿನ ವಾದ. ಆದರೆ ಎರಡೂ ಕಾಗದ ಪಕ್ಕಪಕ್ಕ ಇದ್ದದ್ದರಿಂದ ತಾನೇ ಓದುಗರು ಹೋಲಿಸಿ ನೋಡೋಕೆ ಆಗಿದ್ದು?

ಬ್ಯಾಕಪ್ಪಿನಲ್ಲೂ ವರ್ಷನ್ ಸಮಸ್ಯೆ ಇದೆ. ಗುರುವಿನ ಮಾತನ್ನು ಒಂದಕ್ಷರ ಬದಲಿಸದೆ ಪಾಲಿಸಬೇಕು ಅನ್ನೋದು 1965ರಿಂದ ಚರ್ಚಿನ ಮುಖ್ಯ ನಿಯಮ. 2007ರಲ್ಲಿ ಅದೇ ಚರ್ಚ್, ಹಳೆಯ ಮುದ್ರಣಗಳಲ್ಲಿ ಟೈಪಿಸ್ಟು, ಸಂಪಾದಕರ ತಪ್ಪುಗಳಿದ್ದವು ಅಂತ ಹೇಳಿ ಹಬ್ಬರ್ಡ್‌ನ ಮೂಲ ಪುಸ್ತಕಗಳನ್ನು ತಿದ್ದಿ ಮತ್ತೆ ಹೊರತಂದಿತು. ಸದಸ್ಯರು ಮತ್ತೆ ದುಡ್ಡು ಕೊಟ್ಟು ಕೊಂಡರು. ಏನು ಬದಲಾಗಿದೆ ಅಂತ ತಿಳಿಯೋದು ಹಳೆಯ ಮುದ್ರಣ ಕಪಾಟಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ.

ಇನ್ನೊಂದು ಸಂಗ್ರಹವೂ ಇದೆ. ಆಡಿಟಿಂಗ್‌ನಲ್ಲಿ ಸದಸ್ಯರು ಹೇಳಿಕೊಂಡ ಸಂಸಾರದ ಜಗಳ, ತಪ್ಪು, ನಾಚಿಕೆ ಎಲ್ಲ ಅವರವರ ಹೆಸರಿನ ಫೋಲ್ಡರಿನಲ್ಲಿ ಇರುತ್ತೆ. ಅದು ಚರ್ಚಿನ ವಶದಲ್ಲಿರುತ್ತೆ. ಹೊರಬಂದ ಮೇಲೆ ಅದನ್ನೇ ತಮ್ಮ ವಿರುದ್ಧ ಬಳಸಿದರು ಅಂತ ಹಲವು ಮಾಜಿಗಳ ಆರೋಪ, ಚರ್ಚ್ ಇದನ್ನು ನಿರಾಕರಿಸುತ್ತೆ. ಗುರುವಿನ ಬಗ್ಗೆ ಪ್ರಶ್ನೆ ಕೇಳಿದರೆ ಬೀಗ, ಶಿಷ್ಯನ ಗುಟ್ಟಿಗೆ ಮಾತ್ರ ಪೂರ್ತಿ ದಾಖಲೆ!

ಗುಟ್ಟು ತಪ್ಪಾ?

ಇಲ್ಲೊಂದು ನ್ಯಾಯವಾದ ಪ್ರಶ್ನೆ ಇದೆ. ದೀಕ್ಷೆ ಕೊಟ್ಟವರಿಗೆ ಮಾತ್ರ ಮಂತ್ರ ಹೇಳಿಕೊಡುವ ಪದ್ಧತಿ ಎಷ್ಟೋ ಧರ್ಮಗಳಲ್ಲಿದೆ. ಸೈಂಟಾಲಜಿಗೆ ಮಾತ್ರ ಯಾಕೆ ಈ ತನಿಖೆ? 1983ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ ಅದನ್ನು ಧರ್ಮ ಅಂತ ಒಪ್ಪಿದೆ. ಅಮೆರಿಕ 1993ರಲ್ಲಿ ತೆರಿಗೆ ವಿನಾಯಿತಿ ಕೊಟ್ಟಿದೆ. ಸರ್ಕಾರಗಳು ಅವರನ್ನು ಕಾಡಿದ್ದೂ ಹೌದು. ಮಾಹಿತಿ ಸ್ವಾತಂತ್ರ್ಯ ಕಾಯ್ದೆ ಬಳಸಿ ತೆರಿಗೆ ಇಲಾಖೆಯ ವಿರುದ್ಧ ಸುಪ್ರೀಂ ಕೋರ್ಟಿನವರೆಗೂ ಹೋದದ್ದು ಇದೇ ಚರ್ಚ್.

ನನ್ನ ಉತ್ತರ ಇಷ್ಟು. ಜೀನುವಿನ ಕತೆಯನ್ನು ನಂಬೋದು, ಗುಟ್ಟಾಗಿಡೋದು ಅವರ ಹಕ್ಕು. ಅದನ್ನಿಟ್ಟುಕೊಂಡು ನಗೋದರಲ್ಲಿ ನನಗೆ ಆಸಕ್ತಿ ಇಲ್ಲ, ಯಾವ ಧರ್ಮದ ಕತೆಯೂ ಹೊರಗಿನವರಿಗೆ ವಿಚಿತ್ರವೇ. ಆದರೆ ಪದಕ ಎಷ್ಟು, ಕಡತ ಕದ್ದದ್ದು ಯಾರು, ಪುಸ್ತಕದಲ್ಲಿ ಏನು ಬದಲಾಯಿತು ಅನ್ನೋದು ನಂಬಿಕೆಯ ವಿಷಯ ಅಲ್ಲ. ಅವು ನಡೆದ ಸಂಗತಿಗಳು. ಜನರಿಂದ ದುಡ್ಡು, ಸರ್ಕಾರದಿಂದ ವಿನಾಯಿತಿ ಪಡೆಯುವ ಯಾವುದೇ ಸಂಸ್ಥೆ ಅಂಥ ಪ್ರಶ್ನೆಗೆ ಧರ್ಮದ ಗುರಾಣಿ ಹಿಡಿಯೋದು ಸರಿಯಲ್ಲ.

ಈಗ ನಮ್ಮ ಕಡೆ ನೋಡೋಣ. ಅಲ್ಲಿ ರೈಟ್ ಬಳಸಿದ ಕಾಯ್ದೆಗೆ ಸಮನಾದದ್ದು ನಮ್ಮಲ್ಲಿ 2005ರ ಆರ್‌ಟಿಐ. ಅದರ 8(1)(ಜೆ) ಪ್ರಕಾರ ವೈಯಕ್ತಿಕ ಮಾಹಿತಿಯನ್ನು ತಡೆಹಿಡಿಯಬಹುದಿತ್ತು, ಆದರೆ ಅದಕ್ಕೆ ಷರತ್ತುಗಳಿದ್ದವು. ಸಾರ್ವಜನಿಕ ಚಟುವಟಿಕೆಗೆ ಸಂಬಂಧ ಇದೆಯಾ, ಹಿತಾಸಕ್ತಿ ದೊಡ್ಡದಾ ಅಂತ ಅಧಿಕಾರಿ ತೂಗಿ ನೋಡಬೇಕಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3)ನೇ ಸೆಕ್ಷನ್ ಆ ಷರತ್ತುಗಳನ್ನು ಕಿತ್ತುಹಾಕಿ, 'ವೈಯಕ್ತಿಕ ಮಾಹಿತಿ' ಅಂದರೆ ಸಾಕು ಅನ್ನುವಂತೆ ಬದಲಿಸಿದೆ. ಸಾರ್ವಜನಿಕ ಹಿತದ ಮಾತು 8(2)ರಲ್ಲಿ ಉಳಿದಿದೆ, ನಿಜ. ಆದರೆ ಅರ್ಜಿ ತಿರಸ್ಕರಿಸಲು ನೆಪ ಹುಡುಕುವ ಅಧಿಕಾರಿಗೆ ಕೆಲಸ ಸಲೀಸಾಯಿತು. ನಾಳೆ ನಮ್ಮ ನಡುವಿನ ಯಾರೋ ಒಬ್ಬರು ತಮ್ಮ ಪದವಿ, ಪದಕ, ಸೇವೆಯ ಬಗ್ಗೆ ದೊಡ್ಡ ಮಾತಾಡಿದರೆ ಕಡತ ಕೇಳೋಕೆ ನಮಗೆ ಎಷ್ಟು ದಾರಿ ಉಳಿದಿರುತ್ತೆ?

ಸೈಂಟಾಲಜಿಯ ಲಾಗ್ ಉಳಿಸಿದ ಪಟ್ಟಿ ನೋಡಿ. ಸಂಶಯ ಬಂದ ಒಬ್ಬ ಭಕ್ತ, ರಾತ್ರಿ ಪಾಳಿಯ ಲೈಬ್ರರಿಯನ್, ಪ್ರತಿ ಮಾಡಿಕೊಟ್ಟ ಕೋರ್ಟಿನ ಗುಮಾಸ್ತ, ಹಳೆಯ ಮುದ್ರಣ ಎಸೆಯದೆ ಇಟ್ಟುಕೊಂಡ ಓದುಗರು. ಇವರ ಹತ್ತಿರ ಟೈಟಾನಿಯಂ ಇರಲಿಲ್ಲ. ಕಡತ ತೆರೆದಿಡುವ ಕಾನೂನು ಮಾತ್ರ ಇವರ ಬೆನ್ನಿಗಿತ್ತು. ನಮ್ಮಲ್ಲೂ ಇಂಥ ಗುಮಾಸ್ತರು, ಓದುಗರು ಇದ್ದಾರೆ. ಅವರ ಬೆನ್ನಿಗಿರುವ ಕಾನೂನು ಸವೀತಾ ಇರೋದನ್ನು ನಾವು ಸುಮ್ಮನೆ ನೋಡ್ತಾ ಕೂರಬಾರದು.