ಹೊಳಪು ಬೇರೆ, ಶುಚಿ ಬೇರೆ

ಸ್ಟೀಲ್ ಪಾತ್ರೆಯಲ್ಲಿ ಮುಖ ಕಾಣಬೇಕು ಎಂಬುದು ನಮ್ಮ ಅಡುಗೆಮನೆಗಳ ಹಳೆಯ ಕಾನೂನು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಮನೆಗಳಲ್ಲಿ ತಟ್ಟೆ, ಲೋಟ, ಡಬ್ಬಗಳು ಗೋಡೆಯ ಸ್ಟ್ಯಾಂಡಿನಲ್ಲಿ ಸಾಲಾಗಿ ಮಿನುಗುತ್ತಿರುತ್ತವೆ. ಹೊಸ ಸೊಸೆಯ ಅಚ್ಚುಕಟ್ಟನ್ನು ಅತ್ತೆ ಅಳೆಯುವುದೂ ಅದರಿಂದಲೇ. ಈ ಹೊಳಪಿಗಾಗಿ ನಮ್ಮ ಹೆಣ್ಣುಮಕ್ಕಳು ದಿನಕ್ಕೆ ಎರಡು ಮೂರು ಹೊತ್ತು ತಂತಿಯ ಸ್ಕ್ರಬ್ಬರ್ ಹಿಡಿದು ಉಜ್ಜುತ್ತಾರೆ. ಕಲೆ ಹೋಗದಿದ್ದರೆ ಬ್ಲೀಚಿಂಗ್ ಪೌಡರ್, ಅದಕ್ಕೂ ಬಗ್ಗದಿದ್ದರೆ ಆ್ಯಸಿಡ್. ಹೀಗೆ ತೊಳೆದ ಪಾತ್ರೆ ಹೆಚ್ಚು ಶುಚಿಯಾಗುವುದಿಲ್ಲ, ಬೇಗ ಹಾಳಾಗುತ್ತದೆ; ತೊಳೆಯುವವರ ಕೈ ಮತ್ತು ಶ್ವಾಸಕೋಶಕ್ಕೂ ಪೆಟ್ಟು ಬೀಳುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಸ್ಟೀಲ್ ಏಕೆ ತುಕ್ಕು ಹಿಡಿಯುವುದಿಲ್ಲ ಎಂಬುದನ್ನು ತಿಳಿದರೆ ಉಳಿದದ್ದು ಸುಲಭ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರೇರ್ಲಿ ಎಂಬವರು ಬಂದೂಕಿನ ನಳಿಗೆ ಸವೆಯದಂಥ ಉಕ್ಕನ್ನು ಹುಡುಕುತ್ತಿದ್ದಾಗ, ಕ್ರೋಮಿಯಂ ಬೆರೆಸಿದ ಉಕ್ಕಿಗೆ ತುಕ್ಕು ಬರುವುದಿಲ್ಲವೆಂದು ಗಮನಿಸಿದರು. ಉಕ್ಕಿನಲ್ಲಿ ಕನಿಷ್ಠ 10.5 ಶೇಕಡಾ ಕ್ರೋಮಿಯಂ ಇದ್ದರೆ ಅದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಮೇಲ್ಮೈಯಲ್ಲಿ ಒಂದು ಪೊರೆ ಕಟ್ಟುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾದ ಆ ಪೊರೆಯೇ ಪಾತ್ರೆಯ ಕಾವಲು. ಗೀರು ಬಿದ್ದರೆ ಗಾಳಿ ತಾಗಿ ಅದು ತಾನಾಗಿ ಮತ್ತೆ ಕಟ್ಟಿಕೊಳ್ಳುತ್ತದೆ. ತಾಮ್ರದ ದೇಗಿಗೆ ಕಲಾಯಿಯವರನ್ನು ಕರೆಸಬೇಕಿತ್ತು. ಸ್ಟೀಲ್ ತನ್ನ ಕಲಾಯಿಯನ್ನು ತಾನೇ ಹಾಕಿಕೊಳ್ಳುತ್ತದೆ ಎನ್ನಬಹುದು.

ಆದರೆ ಈ ಕಾವಲಿಗೆ ಒಬ್ಬ ದೊಡ್ಡ ವೈರಿ ಇದ್ದಾನೆ: ಕ್ಲೋರೈಡ್. ಅದು ಅಡುಗೆ ಉಪ್ಪಿನಲ್ಲಿದೆ, ಬ್ಲೀಚಿಂಗ್ ಪೌಡರಿನ ನೀರಿನಲ್ಲಿದೆ, ಶೌಚಾಲಯ ತೊಳೆಯುವ ಹೈಡ್ರೋಕ್ಲೋರಿಕ್ ಆ್ಯಸಿಡ್‌ನಲ್ಲಿದೆ. ಪೊರೆಯನ್ನು ಅಲ್ಲಲ್ಲಿ ಭೇದಿಸಿ ಸೂಜಿ ಚುಚ್ಚಿದಂತೆ ಸಣ್ಣ ಗುಂಡಿಗಳನ್ನು ಮಾಡುತ್ತದೆ. ತಳದಲ್ಲಿ ಚುಕ್ಕಿ ಚುಕ್ಕಿ ಬಿದ್ದ ಪಾತ್ರೆಯನ್ನು ನೋಡಿ ಅಂಗಡಿಯವನು ಮೋಸ ಮಾಡಿದ ಎಂದು ಬೈಯುವ ಮುನ್ನ ನಾವು ಅದರಲ್ಲಿ ಏನು ಇಟ್ಟಿದ್ದೆವು ಎಂದು ನೋಡಬೇಕು. ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿಡಲು ನಮ್ಮ ಹಿರಿಯರು ಪಿಂಗಾಣಿ ಜಾಡಿ ಬಳಸಿದ್ದು ಸುಮ್ಮನೆ ಅಲ್ಲ. ಈಗ ಸ್ಟೀಲ್ ಡಬ್ಬದಲ್ಲಿ ತಿಂಗಳುಗಟ್ಟಲೆ ಇಡುವವರಿದ್ದಾರೆ, ಬೇಡ. ಹುಳಿ ಸಾರು, ಅಪ್ಪೆಹುಳಿಯನ್ನು ಸ್ಟೀಲಿನಲ್ಲಿ ಮಾಡಿ ಉಣ್ಣಲು ಅಡ್ಡಿಯಿಲ್ಲ. ಉಳಿದದ್ದನ್ನು ರಾತ್ರಿಯಿಡೀ ಅದರಲ್ಲೇ ಬಿಡಬಾರದು. ಅನ್ನಕ್ಕೋ ಮಾಂಸಕ್ಕೋ ನೀರಿಡುವಾಗ ಉಪ್ಪನ್ನು ತಣ್ಣೀರಿಗೆ ಹಾಕಬೇಡಿ. ಅದು ಕರಗದೆ ತಳಕ್ಕೆ ಕೂತು ಅಲ್ಲೇ ಚುಕ್ಕಿ ಎಬ್ಬಿಸುತ್ತದೆ. ಕುದಿ ಬಂದ ಮೇಲೆ ಹಾಕಿ ಕದಡಿದರೆ ಸಾಕು.

ಇನ್ನು ತಂತಿಯ ವಿಷಯ. ಸಾಧಾರಣ ಕಬ್ಬಿಣದ ತಂತಿಯಿಂದ ಉಜ್ಜಿದರೆ ಅದರ ಪುಡಿ ಪಾತ್ರೆಗೆ, ಸಿಂಕಿಗೆ ಅಂಟಿ ತಾನೇ ತುಕ್ಕು ಹಿಡಿಯುತ್ತದೆ. ನಾವು ಪಾತ್ರೆಗೆ ತುಕ್ಕು ಬಂತು ಎನ್ನುತ್ತೇವೆ. ತುಂಡಾದ ತಂತಿ ಅನ್ನಕ್ಕೆ ಬಿದ್ದರೆ ಮಕ್ಕಳ ಗಂಟಲಿಗೆ ಹೋಗಬಹುದು. ಗೀರುಗಳಲ್ಲಿ ಜಿಡ್ಡು ಸೇರಿಕೊಂಡು ಮುಂದಿನ ಸಲ ಇನ್ನೂ ಹೆಚ್ಚು ಉಜ್ಜಬೇಕಾಗುತ್ತದೆ. ನಮ್ಮ ಕಡೆ ತೆಂಗಿನ ನಾರಿಗೆ ಬರವಿಲ್ಲ, ಅಂಟುವಾಳ ಕಾಯಿಗೂ ಬರವಿಲ್ಲ. ನಾರು, ಪಾತ್ರೆ ಸೋಪು, ಬಿಸಿನೀರು, ದಿನದ ಕೆಲಸಕ್ಕೆ ಇಷ್ಟೇ ಬೇಕು. ಒಲೆಯ ಬೂದಿ ಜಿಡ್ಡು ತೆಗೆಯುತ್ತದೆ, ಆದರೆ ಜರಡಿ ಹಿಡಿಯದ ಬೂದಿಯಲ್ಲಿ ಮರಳು, ಕಲ್ಲಿನ ಚೂರು ಇರುತ್ತದೆ. ಬಿರಿಯಾನಿಯ ತಳ ಹತ್ತಿದರೆ ಕೆರೆಯಬೇಡಿ. ಪಾತ್ರೆಗೆ ನೀರು ಹಾಕಿ, ಎರಡು ಚಮಚ ಅಡುಗೆ ಸೋಡಾ ಬೆರೆಸಿ, ಹತ್ತು ನಿಮಿಷ ಕುದಿಸಿ ಆರಲು ಬಿಟ್ಟು, ಮರದ ಸೌಟಿನಿಂದ ದೂಡಿದರೆ ಸುಲಭವಾಗಿ ಏಳುತ್ತದೆ. ಕಾದ ಪಾತ್ರೆಯ ಮೇಲೆ ಕಾಣುವ ನೀಲಿ, ಕೆನ್ನೀಲಿ ಬಣ್ಣ ಕೊಳೆಯೇ ಅಲ್ಲ. ಬೆಂಕಿಗೆ ಆ ಪೊರೆ ದಪ್ಪವಾದದ್ದು ಅಷ್ಟೇ. ನೋಡಲು ಬೇಡವೆನಿಸಿದರೆ ನಿಂಬೆಹೋಳು ಸವರಿ ತೊಳೆಯಿರಿ.

ಈಗ ನಿಜವಾಗಿ ಚಿಂತೆಯ ಮಾತಿಗೆ ಬರುತ್ತೇನೆ. ರಮಝಾನಿನಲ್ಲಿ ಇಫ್ತಾರಿನ ಗಂಜಿ ಕಾಯಿಸಿದ ದೊಡ್ಡ ಪಾತ್ರೆಗಳು, ನಿಕಾಹ್ ಊಟದ ತಟ್ಟೆಗಳು, ವುಝೂ ಮಾಡುವ ಜಾಗದ ನಲ್ಲಿ ಮತ್ತು ಸಿಂಕ್‌ಗಳು — ಇವನ್ನೆಲ್ಲ ಬೇಗ ತೊಳೆದು ಮುಗಿಸಬೇಕೆಂದು ಆ್ಯಸಿಡ್ ಕ್ಯಾನ್, ಬ್ಲೀಚಿಂಗ್ ಪೌಡರ್ ಎರಡನ್ನೂ ಒಟ್ಟಿಗೆ ತಂದಿಡುವ ರೂಢಿ ಇದೆ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲ. ಬಾಗಿಲು ಮುಚ್ಚಿದ ಸಣ್ಣ ತೊಳೆಯುವ ಕೋಣೆಯಲ್ಲಿ ಸ್ವಲ್ಪವೇ ಎದ್ದರೂ ಕಣ್ಣು ಉರಿಯುತ್ತದೆ, ಕೆಮ್ಮು ಹಿಡಿಯುತ್ತದೆ. ಆಸ್ತಮಾ ಇರುವವರಿಗೆ ಉಸಿರೇ ಕಟ್ಟಬಹುದು. ಆ ಕೋಣೆಯಲ್ಲಿರುವುದು ಯಾರು? ಕೂಲಿಗೆ ಬಂದ ಹೆಂಗಸು, ಇಲ್ಲವೇ ಊಟ ಮುಗಿದ ಮೇಲೂ ಮನೆಗೆ ಹೋಗದ ಹುಡುಗರು. ಹಾಗೇನಾದರೂ ಆದರೆ ಮೊದಲು ಎಲ್ಲರೂ ಹೊರಗಿನ ಗಾಳಿಗೆ ಬರಬೇಕು, ಕಣ್ಣನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು, ಉಸಿರು ಸಲೀಸಾಗದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಬೇರೆ ಬೇರೆ ಸಮಯದಲ್ಲಿ ಹಾಕುತ್ತೇವಲ್ಲ ಎನ್ನುವವರಿದ್ದಾರೆ. ನೀರು ನಿಂತ ಮೋರಿಯಲ್ಲಿ ಒಂದರ ಉಳಿಕೆಯ ಮೇಲೆ ಇನ್ನೊಂದು ಬಿದ್ದರೂ ಅದೇ ಕಥೆ.

ಕೋವಿಡ್ ಕಾಲದಲ್ಲಿ ಕಂಡಕಂಡಲ್ಲಿ ಹೈಪೋಕ್ಲೋರೈಟ್ ದ್ರಾವಣ ಸಿಂಪಡಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. 2020ರ ಕೇಂದ್ರ ಆರೋಗ್ಯ ಸಚಿವಾಲಯದ ಸೂಚನೆಯಲ್ಲೇ, ಬ್ಲೀಚ್ ಹೊಂದದ ಲೋಹದ ಹಿಡಿಕೆಗಳಿಗೆ 70 ಶೇಕಡಾ ಆಲ್ಕೋಹಾಲ್ ದ್ರಾವಣದಿಂದ ಒರೆಸಬಹುದು ಎಂದಿತ್ತು. ಅದೇ ವರ್ಷ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಕೊರೊನಾ ವೈರಸ್ ತಾಮ್ರದ ಮೇಲೆ ನಾಲ್ಕು ಗಂಟೆಯ ನಂತರ ಜೀವಂತ ಉಳಿಯಲಿಲ್ಲ. ಸ್ಟೀಲಿನ ಮೇಲೆ ಎರಡು ಮೂರು ದಿನದವರೆಗೂ ಸಿಕ್ಕಿತು. ಅಂದರೆ ಸ್ಟೀಲ್ ತಾನಾಗಿ ರೋಗಾಣುವನ್ನು ಕೊಲ್ಲುವುದಿಲ್ಲ. ಕನ್ನಡಿಯಂತೆ ಹೊಳೆಯುವ ತಟ್ಟೆಯನ್ನು ವಾಸನೆ ಹೊಡೆಯುವ ಬಟ್ಟೆಯಿಂದ ಒರೆಸಿಟ್ಟರೆ ಅದರ ಮೇಲೆ ಕೊಳೆಯನ್ನೇ ಬಳಿದಂತೆ.

ನಮ್ಮ ಮಳೆಗಾಲದಲ್ಲಿ ಈ ಬಟ್ಟೆಯ ಪ್ರಶ್ನೆ ದೊಡ್ಡದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಏನೂ ಒಣಗುವುದಿಲ್ಲ. ಒದ್ದೆ ಪಾತ್ರೆಗಳನ್ನು ಒಂದರೊಳಗೊಂದು ಸೇರಿಸಿಟ್ಟರೆ ನಡುವೆ ಗಾಳಿಯಾಡದೆ ಕಲೆ, ವಾಸನೆ ಎರಡೂ ಬರುತ್ತವೆ. ದಿನಕ್ಕೊಂದು ಹತ್ತಿಬಟ್ಟೆ ಬೇರೆ ಇಟ್ಟು, ಬಳಸಿದ್ದನ್ನು ಕುದಿನೀರಲ್ಲಿ ಹಾಕಿ ತೆಗೆದು ಒಲೆಯ ಬಿಸಿಗೆ ಒಣಗಿಸಿ. ಚಿರೇಕಲ್ಲಿನ ನೆಲದ ಕೆಲವು ಬಾವಿಗಳ ನೀರಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ಅದು ಒಣಗಿದಾಗ ಉಳಿಯುವ ಕೆಂಪು ಕಲೆಗೆ ಹುಣಸೆಹಣ್ಣಿನ ರಸವೋ ನಿಂಬೆಯೋ ಸಾಕು, ಐದು ನಿಮಿಷ ಬಿಟ್ಟು ತೊಳೆದು ಒರೆಸಿಬಿಡಿ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ಬೇಕಾದ ಕೆಲಸವೇ, ಅದನ್ನು ನಿಲ್ಲಿಸಬೇಡಿ. ಅದನ್ನು ಕಲಸಲು ಪ್ಲಾಸ್ಟಿಕ್ ಬಕೆಟ್ ಇರಲಿ, ಅಡುಗೆಯ ಪಾತ್ರೆ ಬೇಡ.

ಬಕ್ರೀದ್ ಈಗೀಗ ಮಳೆಯ ಬಾಗಿಲಲ್ಲೇ ಬರುತ್ತಿದೆ. 2024ರಲ್ಲಿ ಜೂನ್ 17, 2025ರಲ್ಲಿ ಜೂನ್ 7. ಮಾಂಸ ಇಟ್ಟ ಪರಾತ, ಚೂರಿಗಳಿಗೆ ಮೊದಲೇ ಕುದಿನೀರು ಸುರಿದರೆ ರಕ್ತ ಬೆಂದು ಅಂಟಿಕೊಳ್ಳುತ್ತದೆ. ಮೊದಲು ತಣ್ಣೀರು, ಆಮೇಲೆ ಸೋಪು ಮತ್ತು ಬಿಸಿನೀರು, ಕೊನೆಗೆ ಒಣಬಟ್ಟೆ.

ಕೊಳ್ಳುವಾಗಿನ ಒಂದು ಮಾತು. ಮಾರಿಕಾಂಬಾ ಜಾತ್ರೆಯ ಅಂಗಡಿಯಲ್ಲಾಗಲಿ, ಪೇಟೆಯಲ್ಲಾಗಲಿ ಅಯಸ್ಕಾಂತ ಹಿಡಿದು ಪರೀಕ್ಷಿಸುವವರನ್ನು ಕಾಣುತ್ತೇವೆ. ಅಂಟಿದರೆ ಕಳಪೆ ಎಂಬುದು ಪೂರ್ತಿ ನಿಜವಲ್ಲ. ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಬೆರೆಸಿದ ಅಗ್ಗದ 200 ಸರಣಿಯ ಸ್ಟೀಲಿಗೂ ಸಾಮಾನ್ಯವಾಗಿ ಅಯಸ್ಕಾಂತ ಅಂಟುವುದಿಲ್ಲ. ಇಂಡಕ್ಷನ್ ಒಲೆಗೆ ಮಾಡಿದ ಒಳ್ಳೆಯ ಪಾತ್ರೆಯ ತಳಕ್ಕೆ ಅಂಟಲೇಬೇಕು. ಐಎಸ್‌ಐ ಗುರುತನ್ನು, ಸ್ಟೀಲಿನ ದರ್ಜೆ 304 ಎಂದು ಬರೆದಿದೆಯೇ ಎಂಬುದನ್ನು ನೋಡುವುದು ಮೇಲು. ಅದರಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕಲ್ ಇರುತ್ತದೆ.

ಜಮಾಅತ್ ಕಮಿಟಿಯವರಲ್ಲಿ ನನ್ನ ಕೋರಿಕೆ: ಈ ಸಲದ ರಮಝಾನ್ ಸಾಮಾನಿನ ಪಟ್ಟಿಯಿಂದ ಆ್ಯಸಿಡ್ ಕ್ಯಾನನ್ನು ಹೊಡೆದುಹಾಕಿ. ಅದೇ ದುಡ್ಡಿಗೆ ಪಾತ್ರೆ ಸೋಪು, ಅಡುಗೆ ಸೋಡಾ, ತೆಂಗಿನ ನಾರು, ಕೆಲವು ಜೊತೆ ರಬ್ಬರ್ ಕೈಚೀಲ, ಒಂದು ಕಟ್ಟು ಹತ್ತಿಬಟ್ಟೆ ತನ್ನಿ. ತೊಳೆಯುವ ಕೋಣೆಗೆ ಕಿಟಕಿ ಇಲ್ಲದಿದ್ದರೆ ಒಂದು ಕಿಟಕಿ ಒಡೆಸಿ.