ನನ್ನ ಡಂಜನ್ ನಾನೇ ಕಟ್ಟುವ ಆಟ ಮತ್ತೆ ಬರಲಿ

ಗುಹೆಗೆ ನುಗ್ಗು, ರಾಕ್ಷಸರನ್ನು ಕೊಲ್ಲು, ಪೆಟ್ಟಿಗೆ ಒಡೆದು ಚಿನ್ನ ಬಾಚಿಕೋ. ಈ ಬಗೆಯ ವಿಡಿಯೊ ಗೇಮ್‌ಗಳಿಗೆ ಬರವಿಲ್ಲ. ನಾನು ಕಾಯುತ್ತಿರುವುದು ಇನ್ನೊಂದು ಬಗೆಯ ಆಟಕ್ಕೆ. ಅದರಲ್ಲಿ ಡಂಜನ್ ಎನ್ನುವ ಈ ಗುಹೆ ಅಗೆಯುವವನು ನಾನೇ. ಯಾವ ತಿರುವಿನಲ್ಲಿ ಯಾವ ಕೋಣೆ, ಯಾವ ಕೋಣೆಯಲ್ಲಿ ಯಾವ ಪ್ರಾಣಿ ಎಂದು ತೀರ್ಮಾನಿಸುವವನೂ ನಾನೇ. ಕಟ್ಟಿ ಮುಗಿಸಿದ ಮೇಲೆ ಕತ್ತಿ ಹಿಡಿದು ಅದರೊಳಗೆ ಇಳಿಯಬೇಕಾದವನೂ ನಾನೇ. ಇದೆಲ್ಲ ಅಂಗೈಯಲ್ಲಿ ಹಿಡಿಯುವ ಯಂತ್ರದಲ್ಲಿ ಆಗಬೇಕು.

ಇದು ಬರೀ ಕನಸಲ್ಲ. ಸೋನಿಯ ಅಂಗೈ ಯಂತ್ರ ಪಿಎಸ್‌ಪಿಗೆ ‘ಡಂಜನ್ ಮೇಕರ್: ಹಂಟಿಂಗ್ ಗ್ರೌಂಡ್’ ಎಂಬ ಆಟ 2007ರಲ್ಲಿ ಇಂಗ್ಲಿಷಿನಲ್ಲಿ ಬಂತು. ಮಾಡಿದವರು ಜಪಾನಿನ ಗ್ಲೋಬಲ್ ಎ ಎಂಟರ್‌ಟೈನ್‌ಮೆಂಟ್ ಸಂಸ್ಥೆಯವರು. ಕಥೆ ಸರಳ. ಊರಿಗೆ ಅಲೆಮಾರಿ ರಾಕ್ಷಸನೊಬ್ಬನ ಭಯ. ಅವನನ್ನು ಹುಡುಕಿಕೊಂಡು ಹೋಗಿ ಪ್ರಯೋಜನವಿಲ್ಲ. ಅವನೇ ಆಸೆಪಟ್ಟು ಬಂದು ನೆಲೆಸುವಂಥ ಡಂಜನ್ ಕಟ್ಟಬೇಕು, ಬಂದಾಗ ಎದುರಿಸಬೇಕು. ಅದಕ್ಕೆ ಮೊದಲು ಸಣ್ಣಪುಟ್ಟ ಪ್ರಾಣಿಗಳು ಬರಬೇಕು. ಓಣಿಯ ತುಂಡು, ಕೋಣೆ, ನೀರಿನ ಬುಗ್ಗೆ ಎಲ್ಲವನ್ನೂ ದುಡ್ಡು ಕೊಟ್ಟು ತಂದು, ಚೌಕ ಚೌಕವಾಗಿರುವ ನೆಲದ ಮೇಲೆ ಜೋಡಿಸಬೇಕು. ಕೋಣೆ ಹೇಗಿದೆಯೋ ಅದಕ್ಕೆ ಒಪ್ಪುವ ಪ್ರಾಣಿ ಬಂದು ಸೇರುತ್ತದೆ. ಕೋಣೆ ಚೆನ್ನಾದಷ್ಟೂ ಬಲವಾದ ಪ್ರಾಣಿ.

ನನಗೆ ತುಂಬಾ ಇಷ್ಟವಾದದ್ದು ಅದರ ಊಟದ ಲೆಕ್ಕ. ಪಾತ್ರ ವಹಿಸಿ ಆಡುವ ಬೇರೆ ಆಟಗಳಲ್ಲಿ, ಅಂದರೆ ಆರ್‌ಪಿಜಿಗಳಲ್ಲಿ, ಎಷ್ಟು ಕೊಂದೆವೋ ಅಷ್ಟು ಅನುಭವ, ಅಷ್ಟು ಲೆವೆಲ್. ಇಲ್ಲಿ ಹಾಗಿಲ್ಲ. ಬೇಟೆಯಲ್ಲಿ ಸಿಕ್ಕಿದ್ದು, ಅಂಗಡಿಯಲ್ಲಿ ಕೊಂಡದ್ದು ಎರಡನ್ನೂ ಸೇರಿಸಿ ಅಡುಗೆ ಮಾಡಿ ಉಂಡರೆ ಮೈಗೆ ಬಲ ಬರುತ್ತದೆ. ಯಾವ ಅಡುಗೆಯೋ ಆ ಬಲ. ಹಾಗಾಗಿ ಕೋಣೆ ಕಟ್ಟುವಾಗಲೇ ರಾತ್ರಿಯ ಊಟದ ಯೋಚನೆ ಶುರುವಾಗುತ್ತದೆ. ಈ ಪ್ರಾಣಿ ಬೇಕು, ಏಕೆಂದರೆ ಅದರಿಂದ ಈ ಪದಾರ್ಥ ಸಿಗುತ್ತದೆ. ಅದಕ್ಕೆ ಈ ಕೋಣೆ ಬೇಕು. ಕೋಣೆಗೆ ದುಡ್ಡು ಬೇಕು. ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ. ಹೊಡೆದಾಟ ಸಪ್ಪೆಯಾಗಿತ್ತು, ಚಿತ್ರಗಳೂ ಸಾಧಾರಣ. ಆದರೂ ಈ ಒಂದು ಹೆಣಿಗೆಗಾಗಿ ಅದನ್ನು ನಾನು ದೊಡ್ಡ ಆಟಗಳ ಸಾಲಿನಲ್ಲಿ ಇಡುತ್ತೇನೆ.

ಕಟ್ಟುವವನ ಈ ಕುರ್ಚಿ ಹೊಸದೇನೂ ಅಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದಾಗ, ಮೇಜಿನ ಸುತ್ತ ಕೂತವರಲ್ಲಿ ಒಬ್ಬ ಡಂಜನ್ ಮಾಸ್ಟರ್ ಆಗಿರುತ್ತಿದ್ದ. ನಕ್ಷೆ ಬರೆಯುವುದು, ಬಾಗಿಲ ಹಿಂದೆ ಏನಿರಬೇಕೆಂದು ಗೊತ್ತುಮಾಡುವುದು ಅವನ ಕೆಲಸ. ಕಂಪ್ಯೂಟರ್ ಬಂದು ಆ ಕೆಲಸವನ್ನು ಅವನಿಂದ ಕಿತ್ತುಕೊಂಡಿತು. 1980ರ ‘ರೋಗ್’ ಆಟದಲ್ಲಿ ಪ್ರತಿ ಸಲವೂ ಹೊಸ ಡಂಜನ್ ಎಳೆಯುತ್ತಿದ್ದದ್ದು ಪ್ರೋಗ್ರಾಮ್. 1981ರ ‘ವಿಝಾರ್ಡ್ರಿ’ಯಲ್ಲಿ ಆಟಗಾರರು ಗ್ರಾಫ್ ಹಾಳೆಯ ಮೇಲೆ ನಕ್ಷೆ ಬಿಡಿಸಿಕೊಂಡರು, ಆದರೆ ಅದು ಬೇರೆಯವರು ಕಟ್ಟಿದ್ದರ ನಕಲು. ಕೈಗೆ ಪೆನ್ಸಿಲ್ ಬಂದಿತ್ತು, ತೀರ್ಮಾನ ಮಾತ್ರ ನಮ್ಮದಾಗಿರಲಿಲ್ಲ. ‘ಡಂಜನ್ ಮೇಕರ್’ ಆ ಕುರ್ಚಿಯನ್ನು ವಾಪಸ್ ಕೊಟ್ಟಿತು. ಮಾಸ್ಟರೂ ನಾನೇ, ವೀರನೂ ನಾನೇ. ಎಡವಿದರೆ ನಾನೇ ಇಟ್ಟ ಕಲ್ಲಿಗೆ ಎಡವುತ್ತೇನೆ.

ಅದೇ 2007ರ ಕೊನೆಗೆ ಜಪಾನಿನಲ್ಲಿ ಇನ್ನೊಂದು ಆಟ ಬಂತು. ಅಕ್ವೈರ್ ಸಂಸ್ಥೆ ಮಾಡಿದ್ದು. ಇಂಗ್ಲಿಷಿನಲ್ಲಿ ‘ವಾಟ್ ಡಿಡ್ ಐ ಡು ಟು ಡಿಸರ್ವ್ ದಿಸ್, ಮೈ ಲಾರ್ಡ್’ ಎಂಬ ಉದ್ದ ಹೆಸರಿನಿಂದ ಪರಿಚಿತ. ಇಲ್ಲಿ ಆಡುವವನ ಕೈಯಲ್ಲಿರುವುದು ಬರೀ ಒಂದು ಗುದ್ದಲಿ. ಮಣ್ಣಿನಲ್ಲಿ ಸಾರ ಇರುತ್ತದೆ. ಸಾರವಿರುವ ಜಾಗ ಅಗೆದರೆ ಲೋಳೆಯಂಥ ಜೀವಿ ಹುಟ್ಟುತ್ತದೆ. ಅದು ಓಡಾಡುತ್ತ ಒಂದು ಕಡೆಯ ಸಾರ ಹೀರಿ ಇನ್ನೊಂದು ಕಡೆ ಬಿಡುತ್ತದೆ. ಸಾರ ಹೆಚ್ಚು ಕೂಡಿದ ಕಡೆ ಅಗೆದರೆ ಹುಳು ಹುಟ್ಟುತ್ತದೆ. ಹುಳು ಲೋಳೆಜೀವಿಯನ್ನು ತಿನ್ನುತ್ತದೆ, ಹುಳುವನ್ನು ಹಲ್ಲಿಮನುಷ್ಯ ತಿನ್ನುತ್ತಾನೆ. ಮೇಲಿಂದ ವೀರರು ಇಳಿದು ಬಂದು ನಮ್ಮ ಒಡೆಯನಾದ ರಾಕ್ಷಸರಾಜನನ್ನು ಕಟ್ಟಿ ಎಳೆದುಕೊಂಡು ಹೋಗುವುದರೊಳಗೆ ಈ ಆಹಾರ ಸರಪಳಿ ಗಟ್ಟಿಯಾಗಿ ನೆಲೆಗೊಳ್ಳಬೇಕು. ಆತುರಕ್ಕೆ ಬಿದ್ದು ಸಿಕ್ಕಿದ್ದನ್ನೆಲ್ಲ ಅಗೆದವನ ಗತಿ ಬೇಗ ಗೊತ್ತಾಗುತ್ತದೆ: ಲೋಳೆಜೀವಿ ಖಾಲಿ, ಹುಳುವಿಗೆ ಉಪವಾಸ, ಹಲ್ಲಿಮನುಷ್ಯ ಸತ್ತ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಬಾಣದ ಗುರುತು ಹಾಕಿ ಕಲಿಸುವ ಪಾಠವನ್ನು ಈ ಆಟ ಬೆರಳ ತುದಿಗೆ ತಂದಿತು. ಮಕ್ಕಳ ಕೈಗೆ ಧೈರ್ಯವಾಗಿ ಕೊಡಬಹುದಾದ ಆಟ ಎಂದೇ ನನ್ನ ಮಾತು.

ಅಂಗೈ ಯಂತ್ರವೇ ಏಕೆ? ಕಟ್ಟುವ ಕೆಲಸ ಕಂತುಕಂತಾಗಿ ಸಾಗುವಂಥದ್ದು. ‘ಡಂಜನ್ ಮೇಕರ್’ನಲ್ಲಿ ಒಂದು ದಿನವೆಂದರೆ ಅಗೆ, ಇಳಿ, ಬೇಟೆಯಾಡು, ಮನೆಗೆ ಬಾ, ಉಣ್ಣು, ಮಲಗು. ಬಸ್ಸಿನ ಒಂದು ಪ್ರಯಾಣದಲ್ಲಿ ಅದು ಮುಗಿಯುತ್ತದೆ. ಪಿಎಸ್‌ಪಿಯ ಸ್ವಿಚ್ ಸರಿಸಿದರೆ ಆಟ ಎಲ್ಲಿತ್ತೋ ಅಲ್ಲೇ ನಿದ್ದೆಗೆ ಜಾರುತ್ತಿತ್ತು. ಆಮೇಲೆ ಕಚೇರಿ ಕೆಲಸದ ಮಧ್ಯೆಯೂ ತಲೆಯಲ್ಲಿ ಒಂದು ಓಣಿ ಎಡಕ್ಕೆ ತಿರುಗುತ್ತಿರುತ್ತದೆ.

ಹೊಸದು ಬರಲಿ ಎಂದು ಕಾಯುವಾಗ ಒಂದು ಅಂಜಿಕೆಯೂ ಇದೆ. 1997ರಲ್ಲಿ ಬುಲ್‌ಫ್ರಾಗ್ ಸಂಸ್ಥೆ ಕಂಪ್ಯೂಟರಿಗೆ ‘ಡಂಜನ್ ಕೀಪರ್’ ಮಾಡಿತು. ಡಂಜನ್ ಕಟ್ಟುವ ಆಟಗಳಿಗೆಲ್ಲ ಅದೇ ಹಿರಿಯಣ್ಣ. 2014ರಲ್ಲಿ ಇಎ ಸಂಸ್ಥೆ ಅದೇ ಹೆಸರಿನ ಆಟವನ್ನು ಮೊಬೈಲಿಗೆ ಪುಕ್ಕಟೆಯಾಗಿ ಬಿಟ್ಟಿತು. ಒಂದೊಂದು ಗಟ್ಟಿ ಚೌಕ ಅಗೆಯಲು 24 ಗಂಟೆ ಕಾಯಬೇಕಿತ್ತು. ಕಾಯಲಾರೆ ಎಂದರೆ ದುಡ್ಡು ಕಟ್ಟಬೇಕಿತ್ತು. ಅಗೆಯುವ ಸುಖವನ್ನೇ ಬೀಗ ಹಾಕಿ ಬಾಡಿಗೆಗೆ ಬಿಟ್ಟಂತಾಯಿತು. ‘ಉಚಿತ’ ಎಂದು ಸಾರಿದ ಜಾಹೀರಾತು ದಾರಿತಪ್ಪಿಸುವಂಥದ್ದು ಎಂದು ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರ ಅದೇ ವರ್ಷ ತೀರ್ಪು ಕೊಟ್ಟಿತು. ಸರಿಯಾದ ತೀರ್ಪು. ಇಡೀ ಆಟಕ್ಕೆ ಒಂದು ಬೆಲೆ ಹೇಳಿ, ಕೊಟ್ಟು ಆಡುತ್ತೇವೆ. ಕಾಯಿಸಿ ಕಾಸು ಕೀಳುವುದು ಬೇಡ.

ಹಳೆಯದನ್ನೇ ಆಡಿಕೊಂಡಿರಬಹುದಲ್ಲ ಎಂದು ಕೇಳಬಹುದು. ಅದರ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿವೆ. ಪಿಎಸ್‌ಪಿಯಿಂದ ನೇರವಾಗಿ ಆಟ ಕೊಳ್ಳುವ ವ್ಯವಸ್ಥೆ 2021ರ ಜುಲೈನಲ್ಲಿ ನಿಂತಿತು. ನಿಂಟೆಂಡೊದ ಅಂಗೈ ಯಂತ್ರ 3ಡಿಎಸ್‌ನ ಆನ್‌ಲೈನ್ ಅಂಗಡಿ 2023ರ ಮಾರ್ಚ್‌ನಲ್ಲಿ ವ್ಯಾಪಾರ ಮುಗಿಸಿತು. 2010ಕ್ಕೆ ಮೊದಲು ಅಮೆರಿಕದಲ್ಲಿ ಬಂದ ಆಟಗಳಲ್ಲಿ ಶೇ 87ರಷ್ಟು ಈಗ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ ಎಂದು ಅಲ್ಲಿನ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿದೆ. ಓದುಗರಿಗೆ ಬೇಕೆಂದಾಗ ಹಳೆಯ ಕಾದಂಬರಿ ಗ್ರಂಥಾಲಯದಲ್ಲಾದರೂ ಸಿಗುತ್ತದೆ. ಆಟಗಳಿಗೆ ಅಂಥ ಕಪಾಟು ಇನ್ನೂ ಇಲ್ಲ.

ಹಾಗಾಗಿ ಹೊಸದಾಗಿ ಮಾಡುವವರು ಬೇಕು. ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಸ್ಟುಡಿಯೊ ಶುರುವಾದದ್ದು 1997ರಲ್ಲಿ, ‘ಡಂಜನ್ ಕೀಪರ್’ ಬಂದ ವರ್ಷವೇ. ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ ನೀತಿ ಮಾಡಿದ ಮೊದಲ ರಾಜ್ಯ ಕರ್ನಾಟಕ, ಅದು 2012ರಲ್ಲಿ. ಹೊರದೇಶದ ದೊಡ್ಡ ಆಟಗಳಿಗೆ ಇಲ್ಲಿನ ಕಲಾವಿದರು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಕೈಚಳಕ ಇದೆ, ನೀತಿಯೂ ಇದೆ. ಆದರೆ ಒಂದು ಅಡ್ಡಿಯೂ ಇದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆ ಗದ್ದಲದಲ್ಲಿ ಗೇಮ್ ಎಂದರೆ ಜೂಜು ಎಂದೇ ಎಷ್ಟೋ ಮನೆಗಳಲ್ಲಿ ತಿಳಿದುಕೊಂಡಿದ್ದಾರೆ. ಒಂದು ಒಳ್ಳೆಯ ಆಟ ಕೈಗೆ ಬಂದರೆ ಆ ತಪ್ಪು ತಿಳಿವಳಿಕೆ ತಾನಾಗಿ ಕರಗುತ್ತದೆ.

ಇಲ್ಲಿನ ಗೇಮ್ ಸ್ಟುಡಿಯೊಗಳಿಗೆ, ಈಗಷ್ಟೇ ಕೋಡ್ ಬರೆಯಲು ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ನನ್ನ ಕೋರಿಕೆ ಇಷ್ಟು. ಮೊಬೈಲಿನಲ್ಲಿ ನಡೆಯುವ, ಇಂಟರ್ನೆಟ್ ಇಲ್ಲದಿದ್ದರೂ ನಿಲ್ಲದ, ಒಂದೇ ಬೆಲೆಯ ಡಂಜನ್ ಕಟ್ಟುವ ಆರ್‌ಪಿಜಿ ಮಾಡಿ. ಪ್ರಾಣಿಗಳ ಹೆಸರು, ಅಡುಗೆಯ ಪಟ್ಟಿ, ಊರವರ ಮಾತು ಕನ್ನಡದಲ್ಲೂ ಇರಲಿ. ಬಂದ ದಿನವೇ ದುಡ್ಡು ಕೊಟ್ಟು ಕೊಳ್ಳುತ್ತೇನೆ, ಗೊತ್ತಿರುವವರಿಗೆಲ್ಲ ಕೊಳ್ಳಿರೆಂದು ಹೇಳುತ್ತೇನೆ.