ಅಗ್ಗದ ಬ್ಯಾಟರಿಯ ಪೂರ್ಣ ಬೆಲೆ

ಸೌರದೀಪ ಕೊಳ್ಳುವ ಜಾವಗಲ್ ಸೀಮೆಯ ರೈತರು ಫಲಕದಷ್ಟೇ ಗಮನವನ್ನು ಬ್ಯಾಟರಿಗೂ ಕೊಡಬೇಕು. ಫಲಕವು ಸುಮಾರು 25 ವರ್ಷ ಬಾಳುತ್ತದೆ. ಅಷ್ಟರಲ್ಲಿ ಬ್ಯಾಟರಿಯನ್ನು ಹಲವು ಸಲ ಬದಲಿಸಬೇಕಾದೀತು.

ಸೀಸ-ಆಮ್ಲದ ಟ್ಯೂಬುಲರ್ ಬ್ಯಾಟರಿ ಅಗ್ಗ. ಆದರೆ ದಿನವೂ ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಷ್ಯ ಕುಗ್ಗುತ್ತದೆ. ಬಟ್ಟಿ ಇಳಿಸಿದ ನೀರನ್ನು ಆಗಾಗ ತುಂಬಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಬೆಲೆ ಹೆಚ್ಚು. ಆದರೂ ಶೇ. 80ರಷ್ಟು ಬಳಸಿದರೂ ಅದು ಎರಡು ಸಾವಿರಕ್ಕೂ ಹೆಚ್ಚು ಸಲ ತುಂಬಿ ಬರಿದಾಗಬಲ್ಲದು.

ಸೀಸದ ಲೆಕ್ಕ ಕೊಂಡಲ್ಲಿಗೇ ಮುಗಿಯದು. ಗುಜರಿಗೆ ಸೇರಿದ ಬ್ಯಾಟರಿಯನ್ನು ಬಯಲಿನಲ್ಲಿ ಒಡೆದು ಕರಗಿಸಿದರೆ ವಿಷವು ಮಣ್ಣಿಗೂ ನೀರಿಗೂ ಸೇರಿ ಮಕ್ಕಳ ಮಿದುಳನ್ನು ಕುಂದಿಸುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯದನ್ನು ಹಿಂಪಡೆಯುವ ಹೊಣೆಯನ್ನು ಉತ್ಪಾದಕರಿಗೆ ವಹಿಸಿವೆ. ಕೊಳ್ಳುವ ದಿನವೇ ರಸೀದಿಯಲ್ಲಿ ಆ ಮಾತನ್ನೂ ಬರೆಸಿಕೊಳ್ಳುವುದು ಜಾಣತನ.